ಡಿಬಗರ್ ಓಡಲಿಲ್ಲ ಅಂದ್ರೆ ಅಪ್‌ಗ್ರೇಡ್ ಮುಗಿದಿಲ್ಲ

ನಮಸ್ಕಾರ ಎಲ್ಲರಿಗೂ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಕರ್ನಲ್ ಬೂಟ್ ಆಯ್ತು, ಸರ್ವಿಸ್‌ಗಳು ಎದ್ದವು, ಅಲ್ಲಿಗೆ ಅಪ್‌ಗ್ರೇಡ್ ಮುಗೀತು. ಡಿಬಗರ್ ಆಮೇಲೆ ನೋಡ್ಕೊಂಡ್ರಾಯ್ತು." ಕರ್ನಲ್ ಅಂದ್ರೆ ಲಿನಕ್ಸ್‌ನ ತಿರುಳು; ಡಿಬಗರ್ ಅಂದ್ರೆ ಅದು ಬಿದ್ದಾಗ ಒಳಗೆ ಏನಾಯ್ತು ಅಂತ ನೋಡುವ ಟೂಲ್. ಈ 'ಆಮೇಲೆ' ಕೇಳಿದರೆ ನನಗೆ ಮೈ ಉರಿಯುತ್ತದೆ. ಮುಗಿದಿಲ್ಲ. ಡಿಬಗರ್ ಓಡುವ ತನಕ ಅಪ್‌ಗ್ರೇಡ್ ಮುಗಿದಿಲ್ಲ.

ನಮ್ಮ ಒಂದು ಸರ್ವರ್ 5.10 ಕರ್ನಲ್‌ನಿಂದ 6.1ಕ್ಕೆ ಹೋಯಿತು. ನಾಲ್ಕು ದಿನ ಆರಾಮಾಗಿತ್ತು. ಐದನೇ ದಿನ ರಾತ್ರಿ ಎರಡು ಗಂಟೆಗೆ ಪ್ಯಾನಿಕ್, ಅಂದ್ರೆ ಕರ್ನಲ್ಲೇ ಕುಸಿದು ನಿಂತಿತು. ಬಿದ್ದ ಕ್ಷಣದ ಮೆಮೊರಿಯನ್ನು ಉಳಿಸಿಡುವ ಕೆಡಂಪ್ ತನ್ನ ಕೆಲಸ ಮಾಡಿತ್ತು, ಆ ಡಂಪ್ ಫೈಲ್, ಅಂದ್ರೆ ವಿಎಂಕೋರ್, ಡಿಸ್ಕ್‌ನಲ್ಲಿತ್ತು. ಅದನ್ನು ಓದುವ ಡಿಬಗರ್ ಆದ 'ಕ್ರ್ಯಾಶ್' ಟೂಲ್‌ನಲ್ಲಿ ತೆರೆದರೆ ಬಂದದ್ದು 'ಇನ್‌ವ್ಯಾಲಿಡ್ ಸ್ಟ್ರಕ್ಚರ್ ಮೆಂಬರ್ ಆಫ್‌ಸೆಟ್', ಅಂದ್ರೆ ಹುಡುಕಿದ ಫೀಲ್ಡ್ ಸಿಗಲಿಲ್ಲ. ಸಾಕ್ಷಿ ಕಣ್ಣೆದುರಿಗಿದೆ, ಓದೋಕೆ ಆಗುತ್ತಿಲ್ಲ!

ಯಾಕೆ ಗೊತ್ತಾ? ಕ್ರ್ಯಾಶ್ ಒಳಗೆ ಜಿಡಿಬಿ ಅನ್ನೋ ಇನ್ನೊಂದು ಡಿಬಗರ್ ಇದೆ. ಕರ್ನಲ್‌ನ ಸ್ಟ್ರಕ್ಚರ್‌ಗಳಲ್ಲಿ, ಅಂದ್ರೆ ಡೇಟಾ ಜೋಡಣೆಗಳಲ್ಲಿ, ಯಾವ ಫೀಲ್ಡ್ ಎಷ್ಟನೇ ಬೈಟ್‌ನಲ್ಲಿದೆ ಅನ್ನೋದನ್ನು ಅದು ಡಿಬಗ್ ಮಾಹಿತಿಯಿಂದ ತಿಳಿಯುತ್ತದೆ. ಆದರೆ ಫೀಲ್ಡೇ ಹೋಗಿಬಿಟ್ಟರೆ? 2022ರ ಡಿಸೆಂಬರ್‌ನಲ್ಲಿ ಬಂದ 6.1ರಲ್ಲಿ, ಪ್ರೊಸೆಸ್‌ನ ಮೆಮೊರಿ ತುಂಡುಗಳನ್ನು ಪೋಣಿಸಿದ್ದ ಹಳೇ ಲಿಂಕ್ಡ್ ಲಿಸ್ಟ್ ತೆಗೆದು ಮೇಪಲ್ ಟ್ರೀ ಅನ್ನೋ ಮರದಂಥ ಹೊಸ ಜೋಡಣೆ ಹಾಕಿದರು. ಹಳೇ ಕ್ರ್ಯಾಶ್ ಇನ್ನೂ ಆ ಲಿಸ್ಟನ್ನೇ ಹುಡುಕುತ್ತದೆ. ಮೇಪಲ್ ಟ್ರೀ ಓದುವ ಶಕ್ತಿ ಅದಕ್ಕೆ ಬಂದದ್ದು 8.0.3ರಲ್ಲಿ.

ಇದೇನು ಮೊದಲ ಸಲ ಅಲ್ಲ. 5.10ರಲ್ಲಿ, ಕರ್ನಲ್ ತನ್ನ ಸಂದೇಶಗಳನ್ನು ಬರೆದಿಡುವ ಪ್ರಿಂಟ್‌ಕೆ ಬಫರ್ ಬದಲಾಯಿತು. ಜಾನ್ ಓಗ್ನೆಸ್ ಬರೆದ, ಲಾಕ್ ಬೇಡದ ಹೊಸ ಬಫರ್. ಒಳ್ಳೆಯ ಕೆಲಸವೇ. ಆದರೆ ಹಳೇ ಕ್ರ್ಯಾಶ್‌ನಲ್ಲಿ ಆ ಸಂದೇಶ ತೋರಿಸುವ ಲಾಗ್ ಕಮಾಂಡ್ ಕೈಕೊಟ್ಟಿತು. ಓಡುತ್ತಿರುವ ಮಷಿನ್‌ನಲ್ಲಿ ಅವೇ ಸಂದೇಶ ತೋರಿಸುವ ಡಿಮೆಸೇಜ್ ಕಮಾಂಡ್ ಮಾತ್ರ ಎಂದಿನಂತೆ ಓಡುತ್ತಿತ್ತು, ಯಾಕೆಂದರೆ ಅದು ಕರ್ನಲ್ ಹೊಟ್ಟೆಯೊಳಗೆ ಕೈ ಹಾಕುವುದಿಲ್ಲ. ಹಾಗಾಗಿ ಮೇಲಿಂದ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತದೆ. ಸರಿ ಇಲ್ಲ! ಡಿಬಗರ್ ಓಡಲಿಲ್ಲ ಅಂದ್ರೆ ಅಪ್‌ಗ್ರೇಡ್ ಮುಗಿದಿಲ್ಲ!

"ಒಳಗಿನ ಸ್ಟ್ರಕ್ಚರ್ ಬದಲಾಗಬಾರದು ಅಂತ ಕರ್ನಲ್‌ನವರು ಯಾರಿಗೂ ಮಾತು ಕೊಟ್ಟಿಲ್ಲ" ಅನ್ನುತ್ತೀರಿ. ಗೊತ್ತು ಸ್ವಾಮಿ. ಅದಕ್ಕೇ ಬಡ್ಕೊಳ್ಳುತ್ತಿರುವುದು! ಅವರು ಮಾತು ಕೊಟ್ಟಿಲ್ಲ ಅಂದ ಮೇಲೆ ನೋಡಿಕೊಳ್ಳಬೇಕಾದವರು ನಾವೇ ಅಲ್ವಾ? "ಹಳೇ ಕರ್ನಲ್‌ಗೆ ವಾಪಸ್ ಹೋಗಿ" ಅಂತ ಇನ್ನೊಬ್ಬರು. ಹೋಗ್ತೀನಿ. ಡಿಸ್ಕ್‌ನಲ್ಲಿರುವ 6.1ರ ಡಂಪ್ ಅದರಿಂದ ತಾನಾಗಿ ತೆರೆದುಕೊಳ್ಳುತ್ತದಾ? ಸುಮ್ನೆ ಮಾತು.

ಅಂದ ಹಾಗೆ, ಕೆಡಂಪ್ ಹಾಕುವುದು ಹೇಗೆ ಅಂತ ನಾನು ಮಾಡಿದ ವಿಡಿಯೋ ಚಾನೆಲ್‌ನಲ್ಲಿದೆ. ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದವರು ಈಗಲೇ ಆಗಿ, ಬೆಲ್ ಒತ್ತಿ.

ಹತ್ತು ನಿಮಿಷದ ಕೆಲಸ ಇದು. ಟೆಸ್ಟ್ ಮಷಿನ್‌ನಲ್ಲಿ ಹೊಸ ಕರ್ನಲ್ ಹಾಕಿ. ಅದೇ ಬಿಲ್ಡ್‌ನ ಡಿಬಗ್ ಪ್ಯಾಕೇಜ್ ಹಾಕಿ. ನಂಬರ್ ಒಂದಿಷ್ಟು ಆಚೀಚೆ ಆದರೂ ನಡೆಯಲ್ಲ. ಕರ್ನಲ್‌ಗೆ ನೇರ ಆಜ್ಞೆ ಕೊಡುವ ಸಿಸ್‌ಆರ್‌ಕ್ಯೂ-ಟ್ರಿಗರ್ ಫೈಲ್‌ಗೆ 'ಸಿ' ಬರೆದು ನೀವೇ ಬೇಕಂತ ಬೀಳಿಸಿ. ಡಂಪ್ ತೆರೆದು ಲಾಗ್, ಬಿಟಿ (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು), ವಿಎಂ (ಪ್ರೊಸೆಸ್‌ನ ಮೆಮೊರಿ) ಮೂರೂ ಕಮಾಂಡ್ ಓಡಿಸಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬೇಡಿ, ದಯವಿಟ್ಟು! ಆ ರಾತ್ರಿ ನಾನು ತೋಡಿದ್ದೇನೆ. ಹೊಸ ಕ್ರ್ಯಾಶ್ ಬಿಲ್ಡ್ ಆಗುವಷ್ಟರಲ್ಲಿ ಬೆಳಗಾಗಿತ್ತು, ಸರ್ವರ್ ಇನ್ನೊಂದು ಸಲ ಬಿದ್ದಿತ್ತು.

ಮುಗಿದಿಲ್ಲ ಅಂದ್ರೆ ಮುಗಿದಿಲ್ಲ. ಭಾನುವಾರ ಲೈವ್ ಇದೆ, ತೆರೆಯದ ಡಂಪ್ ಇದ್ದರೆ ಎರರ್ ಬರೆದಿಟ್ಟುಕೊಂಡು ಬನ್ನಿ. ಒಟ್ಟಿಗೆ ಕೂತು ನೋಡೋಣ.