ಸುಣ್ಣಕಲ್ಲಿನ ಸೀಮೆ: ಸಾರ್ಲಾದಿಂದ ಒಂದೊಂದು ಹಗಲಿನ ಸುತ್ತಾಟ

ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿಗೆ ಹೊರಟು ನಿಂತವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಪ್ಯಾರಿಸ್ ಮುಗಿದ ಮೇಲೆ ಎಲ್ಲಿಗೆ ಹೋಗೋಣ? ಪ್ರವಾಸದ ಕಂಪನಿಗಳ ಬಳಿ ಇದಕ್ಕೆ ಸಿದ್ಧ ಉತ್ತರವಿದೆ, ಸ್ವಿಟ್ಜರ್ಲೆಂಡ್. ಅದಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಕೈಯಲ್ಲಿ ಐದಾರು ದಿನ ಬಿಡುವಿದ್ದು, ಹಳ್ಳಿಗಾಡಿನ ಫ್ರಾನ್ಸನ್ನು ನೋಡುವ ಆಸೆಯೂ ಇದ್ದರೆ, ಪ್ಯಾರಿಸ್ಸಿನ ಆಸ್ತರ್ಲಿತ್ಸ್ ನಿಲ್ದಾಣದಲ್ಲಿ ದಕ್ಷಿಣದ ರೈಲು ಹತ್ತಿ, ನಾಲ್ಕು ಗಂಟೆಗೂ ಹೆಚ್ಚು ಕುಳಿತು ಬ್ರೀವ್ ಎಂಬ ಊರಿನಲ್ಲಿ ಇಳಿಯಿರಿ. ಅಲ್ಲೊಂದು ಬಾಡಿಗೆ ಕಾರು ಹಿಡಿದು ಐವತ್ತು ಕಿಲೋಮೀಟರ್ ಹೋದರೆ ಸಾರ್ಲಾ. ಇಂದು ನಾನು ಹೇಳುವುದೆಲ್ಲ ಆ ಪುಟ್ಟ ಪಟ್ಟಣದ ಸುತ್ತಮುತ್ತ, ಬೆಳಗ್ಗೆ ಹೋಗಿ ಸಂಜೆ ಮರಳಬಹುದಾದ ಜಾಗಗಳ ಮಾತು.

ಇದು ದೊರ್ದೋನ್ ನದಿಯ ಸೀಮೆ. ಹಳೆಯ ಹೆಸರು ಪೆರಿಗೋರ್. ದಕ್ಷಿಣಕ್ಕೆ ಇನ್ನೊಂದು ನದಿ ಲಾಟ್, ಈಶಾನ್ಯದಿಂದ ಹರಿದುಬರುವ ಉಪನದಿ ವೆಜೇರ್. ಈ ನೆಲವನ್ನು ಅರ್ಥ ಮಾಡಿಕೊಳ್ಳಲು ಒಂದೇ ಕೀಲಿ ಸಾಕು, ಅದು ಸುಣ್ಣಕಲ್ಲು. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಚಿಪ್ಪು, ಕೆಸರು ಕೂಡಿ ಗಟ್ಟಿಯಾದ ಕಲ್ಲು ಇದು. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲವಾಗುತ್ತದೆ. ಆ ನೀರಿನಲ್ಲಿ ಸುಣ್ಣಕಲ್ಲು ಬೆಲ್ಲದ ಅಚ್ಚಿನಂತೆ ಕರಗುತ್ತದೆ, ಆದರೆ ಸಾವಿರಾರು ವರ್ಷಗಳ ನಿಧಾನದಲ್ಲಿ. ಕರಗಿದ ಕಡೆ ಗುಹೆಗಳಾದವು, ನದಿ ಕೊರೆದ ಕಡೆ ಎತ್ತರದ ಬಂಡೆಗೋಡೆಗಳು ಎದ್ದವು. ಗುಹೆಯಲ್ಲಿ ಆದಿಮಾನವ ಚಿತ್ರ ಬರೆದ. ಗೋಡೆಯ ನೆತ್ತಿಯ ಮೇಲೆ ಪಾಳೆಯಗಾರ ಕೋಟೆ ಕಟ್ಟಿದ. ಅದೇ ಕಲ್ಲನ್ನು ಕಡಿದು ರೈತ ಮನೆ ಕಟ್ಟಿಕೊಂಡ, ಅದರ ಚಪ್ಪಡಿಯನ್ನೇ ಚಾವಣಿಗೂ ಹೊದಿಸಿದ. ಸಂಜೆಯ ಬಿಸಿಲಿಗೆ ಊರಿಗೆ ಊರೇ ಜೇನಿನ ಬಣ್ಣಕ್ಕೆ ತಿರುಗುವುದೂ ಈ ಕಲ್ಲಿನಿಂದಲೇ.

ಸಾರ್ಲಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲೇ ತಂಗುವುದರಿಂದ ಅದು ತಾನಾಗಿಯೇ ಕಾಣುತ್ತದೆ. ಬುಧವಾರ ಮತ್ತು ಶನಿವಾರ ಸಂತೆ. ಶನಿವಾರದ್ದು ದೊಡ್ಡದು, ಬೆಳಗ್ಗೆ ಒಂಬತ್ತರೊಳಗೆ ಹೋದರೆ ಚೆನ್ನ. ಪಾಳುಬಿದ್ದಿದ್ದ ಒಂದು ಹಳೆಯ ಚರ್ಚನ್ನು ವಾಸ್ತುಶಿಲ್ಪಿ ಜಾನ್ ನೂವೆಲ್ ಆಕಾಶದೆತ್ತರದ ಉಕ್ಕಿನ ಬಾಗಿಲುಗಳನ್ನಿಟ್ಟು ಮಾರುಕಟ್ಟೆಯಾಗಿ ಮಾರ್ಪಡಿಸಿದ್ದಾರೆ. ನನಗೆ ಇಷ್ಟ, ಇಷ್ಟಪಡದವರೂ ಇದ್ದಾರೆ. ಊರು ಹೀಗೆ ಉಳಿದುಕೊಂಡದ್ದಕ್ಕೆ ಕಾರಣ 1962ರ ಒಂದು ಕಾನೂನು. ಅಂದಿನ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಬಿಡಿ ಬಿಡಿ ಸ್ಮಾರಕಗಳ ಬದಲು ಇಡೀ ಹಳೆಯ ಪೇಟೆಯನ್ನೇ ಸಂರಕ್ಷಿಸುವ ಕಾಯ್ದೆ ತಂದರು. ಅದರಡಿ ಮೊದಲು ದುರಸ್ತಿ ಕಂಡ ಊರುಗಳಲ್ಲಿ ಸಾರ್ಲಾ ಒಂದು. ಈ ಮಾಲ್ರೋ ಹೆಸರು ನೆನಪಿನಲ್ಲಿರಲಿ, ಮತ್ತೆ ಬರುತ್ತದೆ.

ಮೊದಲ ಹಗಲು ವೆಜೇರ್ ಕಣಿವೆಗೆ. ಒಂದೇ ದಿನ ಇದೆ ಎನ್ನುವವರಿಗೂ ನಾನು ಹೇಳುವುದು ಇದನ್ನೇ.

1940ರ ಸೆಪ್ಟೆಂಬರ್ 12ರಂದು ಮೊಂತಿನ್ಯಾಕ್ ಊರಿನ ಬಳಿ ನಾಲ್ವರು ಹುಡುಗರು ಕಾಡಿನ ಒಂದು ಬಿಲದೊಳಗೆ ನುಸುಳಿ ಲಾಸ್ಕೋ ಗುಹೆಯ ಚಿತ್ರಗಳನ್ನು ಕಂಡರು. ಗೂಳಿ, ಕುದುರೆ, ಜಿಂಕೆಗಳು; ಐದು ಮೀಟರಿಗೂ ಉದ್ದದ ಒಂದು ಗೂಳಿ. ಬರೆದು ಹದಿನೇಳು ಸಾವಿರ ವರ್ಷಕ್ಕೂ ಹೆಚ್ಚಾಗಿದೆ. 1948ರಲ್ಲಿ ಜನರಿಗೆ ಬಾಗಿಲು ತೆರೆಯಿತು. ದಿನಕ್ಕೆ ಸಾವಿರಕ್ಕೂ ಮೀರಿ ಜನ ಬಂದರು. ಅವರ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್, ದೀಪದ ಬಿಸಿ ಸೇರಿ ಗೋಡೆಯ ಮೇಲೆ ಹಸಿರು ಪಾಚಿ ಹಬ್ಬಿತು. 1963ರಲ್ಲಿ ಗುಹೆಯನ್ನು ಮುಚ್ಚಿಸಿದವರು ಇದೇ ಮಾಲ್ರೋ. ಈಗ ನಾವು ನೋಡುವುದು ಪ್ರತಿಕೃತಿ. 1983ರದ್ದು ಒಂದು, 2016ರಲ್ಲಿ ತೆರೆದ ದೊಡ್ಡದು ಇನ್ನೊಂದು. ಹೊಸದು ಬಹಳ ನಿಖರವಾಗಿದೆ, ಮಕ್ಕಳಿಗೆ ಹೇಳಿಮಾಡಿಸಿದಂತಿದೆ. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಪ್ರತಿಕೃತಿಯನ್ನು ನೋಡಿ ವೆಜೇರ್ ಮುಗಿಯಿತೆಂದು ಹಿಂದಿರುಗುವವರನ್ನು ಕಂಡರೆ ಬೇಸರವಾಗುತ್ತದೆ. ಏಕೆಂದರೆ ಇಪ್ಪತ್ತೈದು ಕಿಲೋಮೀಟರ್ ಕೆಳಗೆ, ಲೇಸೇಜಿ ಎಂಬ ಹಳ್ಳಿಯ ಅಂಚಿನಲ್ಲಿ, ಅಸಲಿ ಗುಹೆ ಇನ್ನೂ ತೆರೆದಿದೆ.

ಅದರ ಹೆಸರು ಫೋನ್-ದ-ಗೋಮ್. ಹಲವು ಬಣ್ಣಗಳ ಆದಿಮಾನವ ಚಿತ್ರಗಳಿದ್ದು, ಸಾರ್ವಜನಿಕರು ಇಂದಿಗೂ ಒಳಗೆ ಹೋಗಬಹುದಾದ ಗುಹೆಗಳು ಫ್ರಾನ್ಸಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ನೂರು ಜನರಿಗೂ ಪ್ರವೇಶವಿಲ್ಲ. ಸಣ್ಣ ಗುಂಪು, ಕಿರಿದಾದ ಓಣಿ, ಮಾರ್ಗದರ್ಶಿಯ ಕೈಯಲ್ಲೊಂದು ದೀಪ. ಕಾಡೆಮ್ಮೆಯ ಭುಜ ಎದ್ದಿರುವ ಕಡೆ ಬಂಡೆಯೂ ಎದ್ದಿದೆ. ಚಿತ್ರಕಾರ ಕಲ್ಲಿನ ಉಬ್ಬುತಗ್ಗನ್ನು ಮೊದಲು ನೋಡಿ ಆಮೇಲೆ ಪ್ರಾಣಿಯನ್ನು ಬರೆದಿದ್ದಾನೆ, ಅಥವಾ ಬರೆದಿದ್ದಾಳೆ. ಎದುರುಬದುರಾಗಿರುವ ಎರಡು ಹಿಮಸಾರಂಗಗಳಲ್ಲಿ ಒಂದು ಇನ್ನೊಂದರ ಹಣೆಯನ್ನು ನೆಕ್ಕುತ್ತಿರುವ ಚಿತ್ರ ಇಲ್ಲಿದೆ. ಛಾಯಾಚಿತ್ರ ತೆಗೆಯುವಂತಿಲ್ಲ.

ಈ ಗುಹೆಯ ಇನ್ನೊಂದು ಹಿರಿಮೆ ವಿದ್ವಾಂಸರ ಲೋಕದ್ದು. ಸ್ಪೇನಿನ ಆಲ್ತಮಿರಾ ಗುಹೆಯಲ್ಲಿ ಚಿತ್ರಗಳು ಸಿಕ್ಕಾಗ ಫ್ರಾನ್ಸಿನ ಪಂಡಿತರು ನಂಬಲೇ ಇಲ್ಲ. ಶಿಲಾಯುಗದವರಿಗೆ ಇಷ್ಟು ಕಲೆ ಎಲ್ಲಿಂದ ಬರಬೇಕು ಎಂಬ ಧಿಮಾಕು. 1901ರ ಸೆಪ್ಟೆಂಬರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಲೇಸೇಜಿಯ ಬಳಿ ಕೋಂಬಾರೆಲ್ ಮತ್ತು ಫೋನ್-ದ-ಗೋಮ್ ಎರಡೂ ಬೆಳಕಿಗೆ ಬಂದವು. ಮರುವರ್ಷವೇ ಆ ಪಂಡಿತರಲ್ಲಿ ಹಿರಿಯರಾದ ಎಮಿಲ್ ಕಾರ್ತೈಯಾಕ್ ತಮ್ಮ ಸಂಶಯ ತಪ್ಪೆಂದು ಲೇಖನ ಬರೆದು ಒಪ್ಪಿಕೊಂಡರು. ವಿದ್ವಾಂಸರು ಹಾಗೆ ಅಚ್ಚಿನಲ್ಲಿ ಒಪ್ಪಿಕೊಳ್ಳುವುದು ಅಂದೂ ಅಪರೂಪ, ಇಂದೂ ಅಪರೂಪ.

ಫೋನ್-ದ-ಗೋಮ್‌ಗೆ ಟಿಕೆಟ್ ಸಿಗದಿದ್ದರೆ ರೂಫಿನ್ಯಾಕ್‌ಗೆ ಹೋಗಿ. ಅಲ್ಲಿ ಪುಟ್ಟ ವಿದ್ಯುತ್ ರೈಲು ಗುಹೆಯೊಳಕ್ಕೆ ಕರೆದೊಯ್ಯುತ್ತದೆ, ಮಂಡಿನೋವಿನ ಹಿರಿಯರಿಗೂ ಅನುಕೂಲ. ನೂರಕ್ಕೂ ಮೀರಿ ಮ್ಯಾಮತ್ ಆನೆಗಳ ರೇಖಾಚಿತ್ರಗಳಿವೆ. ಚಳಿಗಾಲ ಕಳೆಯಲು ಗುಹಾಕರಡಿಗಳು ತೋಡಿಕೊಂಡ ಹಳ್ಳಗಳೂ ಅವುಗಳ ಉಗುರಿನ ಗೀರುಗಳೂ ಹಾಗೆಯೇ ಉಳಿದಿವೆ. ಲೇಸೇಜಿಯಲ್ಲಿ ಬಂಡೆಗೋಡೆಗೆ ಒರಗಿಕೊಂಡಂತಿರುವ ರಾಷ್ಟ್ರೀಯ ಪ್ರಾಗಿತಿಹಾಸ ಸಂಗ್ರಹಾಲಯವಿದೆ. ಪಠ್ಯಪುಸ್ತಕದಲ್ಲಿ ಓದಿದ ಕ್ರೋ-ಮ್ಯಾನ್ಯನ್ ಮಾನವನ ಅಸ್ಥಿಗಳು 1868ರಲ್ಲಿ ಸಿಕ್ಕಿದ್ದು ಇದೇ ಊರಿನ ಬಂಡೆಯಡಿಯಲ್ಲಿ. ಸಮಯ ಉಳಿದರೆ, ನದಿದಂಡೆಯಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ಚಾಚಿರುವ ಲಾ ರೋಕ್ ಸ್ಯಾನ್-ಕ್ರಿಸ್ತೋಫ್ ಎಂಬ ಬಂಡೆಗೋಡೆ ನೋಡಿ. ಅದರ ಅಂತಸ್ತು ಅಂತಸ್ತಿನ ಪೊಟರೆಗಳಲ್ಲಿ ಮಧ್ಯಯುಗದ ಜನ ಊರನ್ನೇ ಕಟ್ಟಿಕೊಂಡಿದ್ದರು.

ಇಲ್ಲಿ ಊಟದ ವಿಷಯಕ್ಕೆ ಬರುತ್ತೇನೆ, ಸಭೆಯಲ್ಲಿ ಆಗಲೇ ಕೆಲವರ ಮುಖದಲ್ಲಿ ಆ ಪ್ರಶ್ನೆ ಕಾಣುತ್ತಿದೆ. ಪೆರಿಗೋರ್ ಎಂದರೆ ಬಾತುಕೋಳಿಯ ಸೀಮೆ. ಸಸ್ಯಾಹಾರಿಗಳು ಮುಖ್ಯವಾಗಿ ಎಚ್ಚರಿಕೆಯಿಂದಿರಬೇಕಾದದ್ದು ಆಲೂಗಡ್ಡೆಯ ಬಗ್ಗೆ. ಸಾರ್ಲಾ ಶೈಲಿಯ ಆಲೂಗಡ್ಡೆ ಎಂದು ಬೆಳ್ಳುಳ್ಳಿ ಹಾಕಿ ಹುರಿದು ತರುವುದು ಬಾತಿನ ಕೊಬ್ಬಿನಲ್ಲಿ. ಕಣ್ಣಿಗೆ ನಮ್ಮ ಪಲ್ಯದಷ್ಟೇ ನಿರುಪದ್ರವಿ. ರೋಕಾಮಾದೂರಿನ ಮೇಕೆಹಾಲಿನ ಪುಟ್ಟ ಬಿಲ್ಲೆ ಚೀಸ್ ಬಹಳ ರುಚಿ, ಆದರೆ ಹೆಪ್ಪು ಹಾಕುವುದು ಪ್ರಾಣಿಯ ಜಠರದಿಂದ ತೆಗೆದ ರೆನೆಟ್‌ನಿಂದ. ಕಟ್ಟುನಿಟ್ಟಿನವರು ತಿಳಿದಿರಲಿ. ನಾನು ಹೇಳುವ ದಾರಿ ಸರಳ: ಸಂತೆಯಲ್ಲಿ ಹಣ್ಣು, ಟೊಮೆಟೊ, ಈ ಸೀಮೆಯ ಹೆಸರುವಾಸಿ ಅಕ್ರೋಟು ಮತ್ತು ಬೇಕರಿಯ ಬ್ರೆಡ್ಡು ಕೊಂಡು ಬುತ್ತಿ ಕಟ್ಟಿಕೊಳ್ಳಿ. ಹಳ್ಳಿಯ ಹೋಟೆಲುಗಳಲ್ಲಿ ಊಟ ಹನ್ನೆರಡರಿಂದ ಎರಡರವರೆಗೆ ಮಾತ್ರ. ಎರಡೂಕಾಲಿಗೆ ಹೋದರೆ ಅಡುಗೆಮನೆ ಮುಚ್ಚಿರುತ್ತದೆ, ವಾದಿಸಿ ಫಲವಿಲ್ಲ. ಅಂಗಡಿಯೊಳಗೆ ಕಾಲಿಟ್ಟೊಡನೆ ‘ಬೋಂಜೂರ್’ ಎನ್ನದೆ ನೇರ ಬೆಲೆ ಕೇಳುವುದು ಅಲ್ಲಿ ಒರಟುತನ.

ಎರಡನೆಯ ಹಗಲು ದೊರ್ದೋನ್ ನದಿಯದ್ದು. ಸಾರ್ಲಾದಿಂದ ಹತ್ತು ಹನ್ನೆರಡು ಕಿಲೋಮೀಟರಿನೊಳಗೇ ಬೇನಾಕ್ ಮತ್ತು ಕಾಸ್ತೆಲ್ನೋ ಕೋಟೆಗಳು ನದಿಯ ಎರಡು ದಡಗಳ ಬಂಡೆ ನೆತ್ತಿಯಲ್ಲಿ ಎದುರುಬದುರು ಕುಳಿತಿವೆ. 1152ರಲ್ಲಿ ಈ ಸೀಮೆಯೂ ಸೇರಿದ್ದ ಆಕ್ವಿತೇನ್‌ನ ಒಡತಿ ಎಲಿಯನೋರ್, ಮುಂದೆ ಇಂಗ್ಲೆಂಡಿನ ದೊರೆಯಾಗಲಿದ್ದ ಹೆನ್ರಿಯನ್ನು ಮದುವೆಯಾದಳು. ಅವಳ ಸೀಮೆಯೆಲ್ಲ ಇಂಗ್ಲೆಂಡಿನ ರಾಜಮನೆತನದ ಪಾಲಾಯಿತು. 1337ರಿಂದ 1453ರವರೆಗೆ ನಡೆದ ನೂರು ವರ್ಷಗಳ ಯುದ್ಧದಲ್ಲಿ ಈ ಕಣಿವೆ ಗಡಿಯಾಗಿತ್ತು. ಬೇನಾಕ್ ಬಹುಪಾಲು ಫ್ರೆಂಚರ ಕಡೆ, ಕಾಸ್ತೆಲ್ನೋ ಎಷ್ಟೋ ಕಾಲ ಇಂಗ್ಲಿಷರ ಕಡೆ. ಇಂಗ್ಲಿಷರ ಕಡೆ ಎಂದರೆ ಕೋಟೆಯಲ್ಲಿದ್ದವರು ಲಂಡನ್ನಿನಿಂದ ಬಂದವರೆಂದಲ್ಲ. ಇದೇ ನೆಲದ ಪಾಳೆಯಗಾರರು ಲಾಭ ಕಂಡ ಕಡೆ ವಾಲುತ್ತಿದ್ದರು. ಎರಡರಲ್ಲಿ ಒಂದಕ್ಕೇ ಹತ್ತುವ ಶಕ್ತಿಯಿದ್ದರೆ, ಮಕ್ಕಳ ಜೊತೆ ಕಾಸ್ತೆಲ್ನೋ ಹತ್ತಿ. ಅಲ್ಲಿ ಮಧ್ಯಯುಗದ ಯುದ್ಧ ಸಂಗ್ರಹಾಲಯವಿದೆ, ಕಲ್ಲೆಸೆಯುವ ಯಂತ್ರಗಳನ್ನು ನಿಜಗಾತ್ರದಲ್ಲಿ ನಿಲ್ಲಿಸಿದ್ದಾರೆ. ಬೇನಾಕ್ ಕೆಳಗಿನಿಂದ ನೋಡಿದರೇ ಹೆಚ್ಚು ಗಂಭೀರ.

ಕೋಟೆಗಿಂತ ನದಿಯೇ ಇಷ್ಟವೆನ್ನುವವರು ಬೇಸಿಗೆಯಲ್ಲಿ ವಿತ್ರಾಕ್‌ನಿಂದ ಬೇನಾಕ್‌ವರೆಗೆ ಕೆನೂ ದೋಣಿ ಬಾಡಿಗೆಗೆ ಪಡೆಯಬಹುದು, ಇಳಿದ ಕಡೆಯಿಂದ ವ್ಯಾನಿನಲ್ಲಿ ವಾಪಸು ಕರೆತರುತ್ತಾರೆ. ನಡುವೆ ಲಾ ರೋಕ್-ಗಾಜಾಕ್ ಎಂಬ ಹಳ್ಳಿ, ಬಂಡೆಗೂ ನೀರಿಗೂ ನಡುವಿನ ಇಷ್ಟಗಲ ಜಾಗದಲ್ಲಿ. 1957ರಲ್ಲಿ ಮೇಲಿನ ಬಂಡೆ ಕಳಚಿ ಮನೆಗಳ ಮೇಲೆ ಬಿದ್ದಿತ್ತು. ಈ ಗೋಡೆ ದಕ್ಷಿಣಕ್ಕೆ ಮುಖಮಾಡಿ ಬಿಸಿಲು ಕುಡಿದು ಶಾಖ ಕೊಡುವುದರಿಂದ ಅಲ್ಲಿ ತಾಳೆಮರ, ಬಾಳೆಗಿಡಗಳೂ ಬೆಳೆಯುತ್ತವೆ. ಆ ಅಕ್ಷಾಂಶದಲ್ಲಿ ಬಾಳೆ ಕಂಡು ನಮ್ಮವರು ಫೋಟೋ ತೆಗೆಸಿಕೊಳ್ಳದೆ ಮುಂದೆ ಹೋಗುವುದಿಲ್ಲ.

ಮೂರನೆಯದಕ್ಕೆ ಪೂರ್ವದಿಕ್ಕು ಹಿಡಿಯಿರಿ, ಒಂದು ಗಂಟೆ ಚಿಲ್ಲರೆಯ ದಾರಿ. ಬೆಳಗ್ಗೆ ಮೊದಲು ಪಾದಿರಾಕ್. ಬಯಲಿನ ನಡುವೆ ನೆಲವೇ ಬಾಯ್ದೆರೆದ ಬಾವಿ ಅದು, ಮೂವತ್ತು ಮೀಟರಿಗೂ ಅಗಲ, ಎಪ್ಪತ್ತೈದು ಮೀಟರ್ ಆಳ. ಗುಹೆಯ ಚಾವಣಿ ಕುಸಿದು ಆದದ್ದು. ಜನ ಇದನ್ನು ಸೈತಾನ ಹಿಮ್ಮಡಿಯಿಂದ ಗುದ್ದಿದ ಗುಂಡಿ ಎನ್ನುತ್ತಿದ್ದರು. 1889ರಲ್ಲಿ ಎದುವಾರ್-ಆಲ್ಫ್ರೆದ್ ಮಾರ್ತೆಲ್ ಎಂಬ ಗುಹಾನ್ವೇಷಕ ಹಗ್ಗದೇಣಿ ಹಿಡಿದು ಇಳಿದಾಗ ಕೆಳಗೊಂದು ನದಿ ಹರಿಯುತ್ತಿತ್ತು. ಈಗ ಲಿಫ್ಟಿದೆ, ಮೆಟ್ಟಿಲೂ ಇದೆ. ಕೆಳಗೆ ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಬೇಸಿಗೆಯಲ್ಲೂ ಒಳಗೆ 13 ಡಿಗ್ರಿ, ಸ್ವೆಟರ್ ಬೇಕು. ಟಿಕೆಟನ್ನು ಮುಂಚೆಯೇ ಕಾಯ್ದಿರಿಸದೆ ಆಗಸ್ಟಿನಲ್ಲಿ ಹೋದರೆ ಸರತಿಯಲ್ಲೇ ಹಗಲು ಕಳೆಯುತ್ತದೆ.

ಮಧ್ಯಾಹ್ನದ ಬಿಸಿಲಿಳಿದ ಮೇಲೆ ರೋಕಾಮಾದೂರ್. ಕಣಿವೆಯ ಬಂಡೆಗೆ ಅಂಟಿಕೊಂಡ ಯಾತ್ರಾಸ್ಥಳ. 216 ಮೆಟ್ಟಿಲುಗಳನ್ನು ಮಧ್ಯಯುಗದ ಯಾತ್ರಿಕರು ಮೊಣಕಾಲಿನ ಮೇಲೆ ಹತ್ತುತ್ತಿದ್ದರು. ಮೇಲೆ ಅಕ್ರೋಟು ಮರದಲ್ಲಿ ಕೆತ್ತಿದ ಕಪ್ಪು ಮಾತೆ ಮೇರಿಯ ಪುಟ್ಟ ವಿಗ್ರಹವಿದೆ. ಬಂಡೆಯಲ್ಲಿ ನೆಟ್ಟಿದ್ದ ತುಕ್ಕು ಕತ್ತಿಯೊಂದನ್ನು ಫ್ರೆಂಚ್ ವೀರಗಾಥೆಯ ನಾಯಕ ರೋಲಾನನ ‘ದುರಾಂದಾಲ್’ ಕತ್ತಿ ಎಂದು ತೋರಿಸುತ್ತಿದ್ದರು. 2024ರಲ್ಲಿ ಅದನ್ನು ಯಾರೋ ಕದ್ದೊಯ್ದರು, ಹತ್ತು ಮೀಟರ್ ಎತ್ತರದಲ್ಲಿದ್ದದ್ದನ್ನು! ನಡುಬೀದಿಯ ಅಂಗಡಿಗಳು ಎಲ್ಲ ಯಾತ್ರಾಸ್ಥಳಗಳಲ್ಲಿರುವಂಥವೇ, ನಿಲ್ಲಬೇಕಾಗಿಲ್ಲ. ಊರಿನ ಒಟ್ಟು ನೋಟ ಚೆನ್ನಾಗಿ ಕಾಣುವುದು ಎದುರಿನ ಲೊಪಿತಾಲೆ ಎಂಬ ಮೇಲ್ಭಾಗದಿಂದ.

ನಾಲ್ಕನೆಯದು ದೂರದ್ದು, ಲಾಟ್ ನದಿಯ ಕಡೆ, ಒಂದೂವರೆ ಗಂಟೆ. ದಣಿದಿದ್ದರೆ ಬಿಡಬಹುದು ಎಂದು ಹೇಳಬೇಕು, ಆದರೆ ಪೆಶ್ ಮೆರ್ಲ್ ಗುಹೆಯಿಂದಾಗಿ ಬಾಯಿ ಬರುವುದಿಲ್ಲ. 1922ರಲ್ಲಿ ಹದಿಹರೆಯದ ಇಬ್ಬರು ಹುಡುಗರಿಗೆ ಸಿಕ್ಕ ಅಸಲಿ ಗುಹೆ ಇದು. ಚುಕ್ಕೆ ಚುಕ್ಕೆಯ ಎರಡು ಕುದುರೆಗಳು, ಸುತ್ತ ಕೈಯಚ್ಚುಗಳು. ಒಂದು ಕುದುರೆಯ ತಲೆ ಬರುವ ಕಡೆ ಬಂಡೆಯ ಅಂಚೇ ಕುದುರೆಮುಖದಂತಿದೆ. ಬಣ್ಣವನ್ನು ಬಾಯಲ್ಲಿಟ್ಟುಕೊಂಡು ಉಗುಳಿ ಬರೆದದ್ದಿರಬೇಕೆಂದು ಮಿಶೆಲ್ ಲೋರ್ಬ್ಲಾಂಶೆ ಎಂಬ ಸಂಶೋಧಕರು ತಾವೇ ಹಾಗೆ ಉಗುಳಿ ಬರೆದು ತೋರಿಸಿದರು. ಚುಕ್ಕೆ ಕುದುರೆ ಬರೀ ಕಲ್ಪನೆ ಎಂದು ಬಹಳ ಜನ ನಂಬಿದ್ದರು. 2011ರಲ್ಲಿ ಹಳೆಯ ಕುದುರೆ ಎಲುಬುಗಳ ಡಿಎನ್ಎ ಪರೀಕ್ಷೆ ಅಂಥ ಕುದುರೆಗಳು ಆಗ ನಿಜವಾಗಿಯೂ ಇದ್ದವೆಂದು ತೋರಿಸಿತು. ಗುಹೆಯ ಜೇಡಿಯಲ್ಲಿ ಎಳೆಯ ಹೆಜ್ಜೆಗುರುತುಗಳೂ ಉಳಿದಿವೆ. ಇಲ್ಲೂ ದಿನದ ಪ್ರವೇಶಕ್ಕೆ ಮಿತಿಯಿದೆ.

ಅಲ್ಲಿಂದ ಹತ್ತಿರದ ಬೂಜಿಯೆ ಬಳಿ ಕಾರು ನಿಲ್ಲಿಸಿ ನದಿಯ ಪಕ್ಕ ನಡೆಯಿರಿ. ದೋಣಿಗಳನ್ನು ದಡದಿಂದ ಹಗ್ಗ ಕಟ್ಟಿ ಎಳೆಯಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಬಂಡೆಯನ್ನೇ ಕೊರೆದು ಮಾಡಿದ ದಾರಿಯದು. ಅದು ಸ್ಯಾನ್-ಸೀರ್-ಲಾಪೊಪಿಗೆ ಮುಟ್ಟಿಸುತ್ತದೆ. ಆ ಊರಿನ ಚೆಲುವನ್ನು ಎಲ್ಲ ಪುಸ್ತಿಕೆಗಳೂ ಹೊಗಳುವುದರಿಂದ ನಾನು ಬಿಡುತ್ತೇನೆ. ಮರಳುವಾಗ ಕಾಓರ್ ಪಟ್ಟಣದ ವಾಲೆಂತ್ರೆ ಸೇತುವೆ ದಾಟಿ. ಹದಿನಾಲ್ಕನೆಯ ಶತಮಾನದ್ದು, ಮೇಲೆ ಮೂರು ಗೋಪುರಗಳು. ಕೆಲಸ ಬೇಗ ಮುಗಿಸಲು ಮೇಸ್ತ್ರಿ ಸೈತಾನನಿಗೆ ತನ್ನ ಆತ್ಮವನ್ನು ಅಡವಿಟ್ಟನಂತೆ. ಕೊನೆಗೆ ಜರಡಿಯಲ್ಲಿ ನೀರು ತರಲು ಹೇಳಿ ಸೈತಾನನನ್ನು ಸೋಲಿಸಿದನಂತೆ. ಸಿಟ್ಟಿಗೆ ಸೈತಾನ ನಡುಗೋಪುರದ ಒಂದು ಕಲ್ಲನ್ನು ಪ್ರತಿ ರಾತ್ರಿ ಕೀಳುತ್ತಿದ್ದನಂತೆ. 1879ರಲ್ಲಿ ಜೀರ್ಣೋದ್ಧಾರ ಮಾಡಿದ ಪೋಲ್ ಗೂ ಆ ಮೂಲೆಯಲ್ಲಿ ಕಲ್ಲು ಕೀಳುತ್ತಿರುವ ಪುಟ್ಟ ಸೈತಾನನನ್ನೇ ಕೆತ್ತಿಸಿಟ್ಟರು. ಕತ್ತೆತ್ತಿ ಹುಡುಕಿ.

ಕಾರಿನ ಮಾತು. ಭಾರತದ ಪರವಾನಗಿಯ ಜೊತೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಒಯ್ಯಿರಿ. ಬಲಬದಿಯ ಸಂಚಾರ, ವೃತ್ತದೊಳಗೆ ಇರುವ ವಾಹನಕ್ಕೆ ಮೊದಲ ಹಕ್ಕು, ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವನಿಗೆ ದಾರಿ ಬಿಡಬೇಕು, ಅವನು ಟ್ರ್ಯಾಕ್ಟರಿನವನಾದರೂ. ಗೇರಿಲ್ಲದ ಕಾರು ಬೇಕಿದ್ದರೆ ಬಹಳ ಮುಂಚೆ ಹೇಳಿಡಿ. ಕಾರು ಓಡಿಸದವರು ನಿರಾಶರಾಗಬೇಕಾಗಿಲ್ಲ. ಲೇಸೇಜಿಗೆ ರೈಲು ನಿಲ್ದಾಣವಿದೆ, ಅಲ್ಲೇ ತಂಗಿದರೆ ಫೋನ್-ದ-ಗೋಮ್‌ಗೂ ಸಂಗ್ರಹಾಲಯಕ್ಕೂ ನಡೆದೇ ಹೋಗಬಹುದು. ತಿಂಗಳು ಕೇಳಿದರೆ ಮೇ, ಜೂನ್ ಅಥವಾ ಸೆಪ್ಟೆಂಬರ್.

ಹಿಂದಿರುಗುವ ದಿನ ಬ್ರೀವ್‌ನ ರೈಲು ಮಧ್ಯಾಹ್ನದ್ದನ್ನು ಹಿಡಿದರೆ, ಬೆಳಗ್ಗೆ ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಆಚೆ ಕೊಲ್ಲೋಂಜ್-ಲಾ-ರೂಜ್‌ಗೆ ಹೋಗಿಬರಬಹುದು. ನಾನು ಹೇಳಿದ ಸುಣ್ಣಕಲ್ಲು ಅಲ್ಲಿಗೆ ಮುಗಿದು ಕಬ್ಬಿಣದ ಅಂಶವಿರುವ ಮರಳುಗಲ್ಲು ತೊಡಗುತ್ತದೆ. ಚರ್ಚು, ಮನೆ, ಕಾಂಪೌಂಡು ಎಲ್ಲ ಕೆಂಪು. ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಫಲಕವನ್ನು ದಾರಿಯುದ್ದಕ್ಕೂ ನೋಡಿರುತ್ತೀರಿ. ಆ ಸಂಘವನ್ನು 1982ರಲ್ಲಿ ಹುಟ್ಟುಹಾಕಿದವರು ಇದೇ ಊರಿನ ಮೇಯರ್ ಶಾರ್ಲ್ ಸೆರಾಕ್. ಎರಡು ಸಾವಿರಕ್ಕಿಂತ ಹೆಚ್ಚು ಜನರಿರುವ ಊರಿಗೆ ಅದರಲ್ಲಿ ಸದಸ್ಯತ್ವವಿಲ್ಲ. ಫಲಕ ಕಂಡ ಹಲವು ಊರುಗಳಲ್ಲಿ ಕಾರು ನಿಲ್ಲಿಸಲು ಹಣ ಕೊಡಬೇಕಾಗುತ್ತದೆ ಎಂದೂ ಸೇರಿಸುತ್ತೇನೆ, ಆದ್ದರಿಂದ ನಾಣ್ಯಗಳಿರಲಿ.