ಒಂದೇ ಊರು, ದುಡ್ಡಿಗೆ ಎರಡು ಬೆಲೆ

ಕೇಳುಗರಿಗೆ ನಮಸ್ಕಾರ.

ಸಂಜೆ ನಮ್ಮ ವಿಜಯಪುರದ ಗಾಂಧಿ ಚೌಕದ ಕಡೆ ಹೋದವರಿಗೆ ಗೊತ್ತು. ಮೇಲೆ ಝಗಮಗ ಅಂಗಡಿ, ಕೆಳಗೆ ಗೋಣಿಚೀಲ ಹಾಸಿಕೊಂಡು ಪಲ್ಲೆ ಮಾರುವವರು. ನೋಡಿ ‘ಅಯ್ಯೋ ಪಾಪ’ ಅಂತೀವಿ. ಪಾಪ ಅಂದದ್ದು ಸಾಕು, ಇವತ್ತು ಲೆಕ್ಕ ನೋಡೋಣ. ಇದೇ ಊರಿನಲ್ಲಿ ದುಡ್ಡು ಉಳ್ಳವರಿಗೆ ಅಗ್ಗ, ಇಲ್ಲದವರಿಗೆ ತುಟ್ಟಿ.

ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ನಮ್ಮ ಓಣಿಗೆ ಮೆಂತೆ ಪಲ್ಲೆ ತರುವ ಹೆಣ್ಣುಮಗಳೊಬ್ಬರನ್ನು ಕೇಳಿದೆ, “ಯವ್ವಾ, ಬಂಡವಾಳ ಎಲ್ಲಿಂದ ತರ್ತೀ?”

“ನಸುಕಿನ್ಯಾಗ ಒಂಬೈನೂರು ಕೊಡ್ತಾರ್ರಿ ಸಾಹೇಬ್ರ. ಸಂಜೀಕ ಸಾವಿರ ಎಣಿಸಬೇಕು.”

“ಪಲ್ಲೆ ಉಳಿದ್ರ?”

“ಉಳಿದ್ರೂ ಸಾವಿರನ ರೀ.”

ಅಲ್ಲೇ ಚೀಟಿಯ ಹಿಂದೆ ಲೆಕ್ಕ ಬರೆದೆ. ಕಾರಿನ ಸಾಲ ನೂರಕ್ಕೆ ಹತ್ತು ಅಂತಲೇ ಹಿಡಿಯಿರಿ. 900 ರೂಪಾಯಿಗೆ ವರ್ಷದ ಬಡ್ಡಿ 90. ಈಕೆ ದಿನಕ್ಕೆ 100 ಕಟ್ಟುತ್ತಾರೆ! ಕಾರಿನವರ ವರ್ಷದ ಬಡ್ಡಿಗಿಂತ ಈಕೆಯ ಒಂದು ದಿನದ ಬಡ್ಡಿ ಜಾಸ್ತಿ. ಬ್ಯಾಂಕಿಗೆ ಯಾಕೆ ಬರಲಿಲ್ಲ ಅಂದೆ. ನಕ್ಕರು. “ನಿಮ್ಮ ಬ್ಯಾಂಕು ನಸುಕಿನ ಐದಕ್ಕ ಬಾಗಲಾ ತೆಗಿತೈತೇನ್ರಿ? ಬಡ್ಡಿಗೆ ಕೊಡಾಂವ ಕಾಗದಾನೂ ಕೇಳಂಗಿಲ್ಲ.” ಮೂವತ್ತು ವರ್ಷ ಸಾಲದ ಅರ್ಜಿ ನೋಡಿದ ನನಗೆ ಉತ್ತರ ಹೊಳೆಯಲಿಲ್ಲ.

ದಿನಾ ಸ್ವಲ್ಪ ಉಳಿಸಬಾರದಾ ಅಂತ ಬುದ್ಧಿ ಹೇಳುವವರಿದ್ದಾರೆ. ಸುಮ್ನೆ ಹೇಳೋದು ಸುಲಭ ಅಲ್ವಾ? ನೂರು ಬಡ್ಡಿಗೇ ಹೋಯಿತು. ಮಗುವಿಗೆ ಜ್ವರ ಬಂತು ಅಂದರೆ ಉಳಿದದ್ದೂ ಹೋಯಿತು. ಮತ್ತೆ ಅದೇ ಒಂಬೈನೂರು, ಅದೇ ತುಟ್ಟಿ ದುಡ್ಡು.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ವಿಪರೀತ ಬಡ್ಡಿ ವಸೂಲಿ ಮಾಡಬಾರದು ಅಂತ ನಮ್ಮ ರಾಜ್ಯದಲ್ಲಿ 2004ರಲ್ಲೇ ಕಾಯ್ದೆ ಬಂದಿದೆ. ಬೀದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕಾಯ್ದೆ ಇದೆ. ಬೀದಿ ವ್ಯಾಪಾರಿಗಳಿಗೆ ಅಂತಲೇ ಕೇಂದ್ರ ಸರ್ಕಾರ 2020ರಲ್ಲಿ ಶುರು ಮಾಡಿದ ಪಿಎಂ ಸ್ವನಿಧಿ ಸಾಲಕ್ಕೆ ಅಡವು ಬೇಕಿಲ್ಲ. ಮೊದಲ ಸಾಲ 10,000 ರೂಪಾಯಿಯಿಂದ ಆರಂಭವಾಯಿತು. ಸರಿಯಾಗಿ ತೀರಿಸಿದವರಿಗೆ ಮುಂದೆ ಇನ್ನೂ ಜಾಸ್ತಿ ಸಾಲ ಸಿಗುತ್ತದೆ.

ಮಾರುವ ಅವ್ವಂದಿರೇ, ಆಧಾರ್ ಹಿಡಿದು ಮಹಾನಗರ ಪಾಲಿಕೆಗೆ ಹೋಗಿ, ಬೀದಿ ವ್ಯಾಪಾರಿ ಗುರುತಿನ ಚೀಟಿ ಕೇಳಿ. ಕೊಳ್ಳುವವರೇ, ಮನೆಯ ಕಾಲೇಜು ಹುಡುಗರನ್ನು ಈ ಸಾಲದ ಅರ್ಜಿ ತುಂಬಲು ಅವರ ಜೊತೆಗೆ ಕಳಿಸಿ. ಇನ್ನು ಬ್ಯಾಂಕಿನ ನನ್ನ ಗೆಳೆಯರೇ, ಅರ್ಜಿ ಬಂದಾಗ ‘ನಾಳೆ ಬನ್ನಿ’ ಅನ್ನಬೇಡಿ. ಅವರಿಗೆ ಆ ಒಂದು ನಾಳೆಗೆ ನೂರು ರೂಪಾಯಿ ಬೀಳುತ್ತದೆ. ನಮಸ್ಕಾರ.