ಆ ನಡೆ ಯಾಕೆ?

ಕೇಳುಗರೇ, ನಮಸ್ಕಾರ. ಮನೆಯಲ್ಲಿ ಚೆಸ್ ಬೋರ್ಡ್ ಇದ್ದರೆ ಮುಂದೆ ಇಟ್ಟುಕೊಂಡೇ ಕೇಳಿ. ಕಾಯಿ ನಡೆಸುತ್ತಾ ಕೇಳಿದರೆ ಬೇಗ ತಿಳಿಯುತ್ತದೆ.

ಬಾಗಲಕೋಟೆಯ ನವನಗರದಲ್ಲಿ ನಾನು ಸಂಜೆ ಹೊತ್ತು ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ. ಒಮ್ಮೆ ಒಬ್ಬ ಹುಡುಗ ಬಂದ. ಹತ್ತು ವರ್ಷ ಇರಬಹುದು. 'ಸರ್, ಇಟಾಲಿಯನ್ ಓಪನಿಂಗ್ ಹನ್ನೆರಡು ನಡೆ ಬಾಯಿಪಾಠ ಐತ್ರಿ' ಅಂದ. ಓಪನಿಂಗ್ ಅಂದರೆ ಆಟ ಶುರುಮಾಡುವ ನಡೆಗಳು. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಯೂ ಬಿಟ್ಟ. ಸರಿ, ಆಡೋಣ ಬಾ ಅಂದೆ. ಅವನದು ಬಿಳಿ. ರಾಜನ ಪ್ಯಾದೆ ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ. ಮೂರನೇ ನಡೆಗೆ ನಾನು ರಾಜನ ಕಡೆಯ ಆನೆಯ ಮುಂದಿನ ಪ್ಯಾದೆಯನ್ನು ಒಂದು ಮನೆ ದೂಡಿದೆ. ಅವನ ಪಾಠದಲ್ಲಿ ಅದು ಇರಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು. ಕಣ್ಣಲ್ಲಿ ನೀರು.

ನನಗೆ ಸಂಕಟವಾಯಿತು. ನಡೆ ಕಲಿಸಿದವರು ಅದರ ಕಾರಣ ಹೇಳಿರಲಿಲ್ಲ. ಬಿಳಿಯ ಮೊದಲ ನಡೆಗೇ 20 ದಾರಿಗಳಿವೆ. ಕಪ್ಪೂ ಒಂದು ನಡೆ ಆಡಿದರೆ 400 ಬಗೆ. ಬಾಯಿಪಾಠ ಎಲ್ಲಿಯವರೆಗೆ ಸಾಕಾಗುತ್ತದೆ?

ಕಾಯಿಗಳನ್ನೆಲ್ಲ ತೆಗೆದು ಒಂದು ಕುದುರೆಯನ್ನು ಮಾತ್ರ ಮೂಲೆಯಲ್ಲಿಟ್ಟೆ. ಎಷ್ಟು ಮನೆಗೆ ಹಾರುತ್ತದೆ ಎಣಿಸು ಅಂದೆ. 2. ನಡುವೆ ಇಟ್ಟೆ. ಬೆರಳಿಟ್ಟು ಎಣಿಸಿದ, 8. 'ಅದಕ್ಕ ನಡು ಬೋರ್ಡ್ ಬೇಕ್ರಿ' ಅಂದ. ನಾನು ಹೇಳಬೇಕಾದ್ದನ್ನು ಅವನೇ ಹೇಳಿದ.

ಮತ್ತೆ ಕಾಯಿ ಜೋಡಿಸಿದೆವು. ನಾನು ದೂಡಿದ ಪ್ಯಾದೆ ಅವನ ಕುದುರೆ ಮುಂದೆ ಬರದಂತೆ ತಡೆಯುತ್ತದೆ, ನಿಜ. ಆದರೆ ಅದರಿಂದ ನನ್ನ ಯಾವ ಕಾಯಿ ಹೊರಗೆ ಬಂತು? 'ಯಾವುದೂ ಇಲ್ರಿ.' ಸ್ವಲ್ಪ ಹೊತ್ತು ನೋಡಿದ. ಆಮೇಲೆ ರಾಣಿಯ ಮುಂದಿನ ಪ್ಯಾದೆಯನ್ನು ಎರಡು ಮನೆ ಮುಂದಿಟ್ಟ. ಬಹಳ ಒಳ್ಳೆಯ ನಡೆ ಅದು.

ರಾಣಿ ಅಂದೆ. ಹಿರಿಯರ ಬಾಯಲ್ಲಿ ಮಂತ್ರಿ. ಮಕ್ಕಳು ಅವಳನ್ನು ಎರಡನೇ ನಡೆಗೇ ಹೊರಗೆ ಓಡಿಸುತ್ತಾರೆ, ನಾಲ್ಕೇ ನಡೆಯಲ್ಲಿ ಮಾತ್ (ಚೆಕ್‌ಮೇಟ್) ಮಾಡಿ ಗೆಲ್ಲುವ ಆಸೆ. ಎದುರಾಳಿ ಕುದುರೆ ತಂದು ತನ್ನ ಪ್ಯಾದೆ ಕಾಯುತ್ತಾನೆ. ಪ್ಯಾದೆ ದೂಡಿ ರಾಣಿಯನ್ನು ಓಡಿಸುತ್ತಾನೆ. ಇನ್ನೊಂದು ಕುದುರೆ ತರುತ್ತಾನೆ. ಅವನ ಎರಡು ಕುದುರೆ ಹೊರಗೆ ಬಂದಿರುತ್ತವೆ, ನಮ್ಮ ರಾಣಿ ಸುಮ್ನೆ ಅಲೆದಿರುತ್ತಾಳೆ.

ಹಾಗಂತ ನಡು ಬೋರ್ಡಿಗೆ ಪ್ಯಾದೆ ನುಗ್ಗಿಸಲೇಬೇಕು ಅಂತಿಲ್ಲ. ನಮ್ಮ ದೇಶದ ಹಳೆಯ ಆಟದಲ್ಲಿ ಪ್ಯಾದೆಗೆ ಮೊದಲ ನಡೆಯಲ್ಲೂ ಒಂದೇ ಮನೆ. ಸುಮಾರು 1850ರ ಹೊತ್ತಿಗೆ ಕೋಲ್ಕತ್ತದಲ್ಲಿ ಮಹೇಶಚಂದ್ರ ಬ್ಯಾನರ್ಜಿ ಎಂಬ ಆಟಗಾರ ಇಂಗ್ಲಿಷರ ಪದ್ಧತಿಯ ಆಟಕ್ಕೂ ಆ ರೂಢಿಯನ್ನು ತಂದ. ಒಂಟೆಯನ್ನು ಬದಿಯಲ್ಲಿ ನಿಲ್ಲಿಸಿ, ದೂರದಿಂದಲೇ ನಡುವಿನ ಮೇಲೆ ಕಣ್ಣಿಡುತ್ತಿದ್ದ. ಆ ಬಗೆಯ ಆಟವೇ ಮುಂದೆ ಇಂಡಿಯನ್ ಡಿಫೆನ್ಸ್ ಅನ್ನಿಸಿಕೊಂಡಿತು. ಈ ಮಾತು ಹೇಳುವಾಗ ನನಗೆ ಪ್ರತಿ ಸಲವೂ ಹೆಮ್ಮೆ.

ಕಲಿಯುವವರಿಗೆ ಬಿಳಿಗೆ ಒಂದು ಓಪನಿಂಗ್, ಕಪ್ಪಿಗೆ ಎರಡು ಸಾಕು. ಆಟ ಮುಗಿದ ಮೇಲೆ ಗೊತ್ತಿದ್ದ ದಾರಿ ಎಲ್ಲಿ ತಪ್ಪಿತು ಅಂತ ನೋಡಿ, ಬರೆದಿಡಿ.

ಆ ಹುಡುಗ ವಾರ ಬಿಟ್ಟು ನೋಟ್‌ಬುಕ್ ತಂದ. ಪ್ರತಿ ನಡೆಯ ಮುಂದೆ ಕಾರಣ ಬರೆದಿದ್ದ. ಒಂದು ಸಾಲು ಖಾಲಿ. ರಾಣಿ ಕಡೆಯ ಒಂಟೆಯ ಪ್ಯಾದೆ ಒಂದೇ ಮನೆ ಮುಂದೆ ಬರುವ ನಡೆ ಅದು. 'ಕುದುರಿ ಬರೋ ಜಾಗಾನ ಹೋತಲ್ರಿ ಸರ್, ಯಾಕ ನಡಸ್ತಾರ?' ಅಂದ. ನಾನು ಉತ್ತರ ಹೇಳಲಿಲ್ಲ. ಅರ್ಧ ತಾಸು ಬೋರ್ಡ್ ನೋಡುತ್ತಾ ಕುಳಿತ. ಆಮೇಲೆ ಪೆನ್ಸಿಲ್ ತೆಗೆದು ಬರೆದ: 'ರಾಣಿ ಮುಂದಿನ ಪ್ಯಾದೆ ನಡುವಿಗೆ ಬರುವಾಗ ಆಸರೆಗೆ.'

ನಮಸ್ಕಾರ.